ಶಿಲ್ಪಿಯ ಹೆಸರು

ಲಾಭವನ್ನು ಬಯಸದ ಸಂಸ್ಥೆಗಳು ಕಲಾವಿದರಿಂದ ಊರ ಗೋಡೆಗಳ ಮೇಲೆ ಚಿತ್ರಗಳನ್ನು ಬರೆಯಿಸುವ ಪದ್ಧತಿ ಈಗ ಬೆಳೆದಿದೆ. 2014ರಲ್ಲಿ ಹುಟ್ಟಿದ ಸ್ಟಾರ್ಟ್ ಇಂಡಿಯಾ ಫೌಂಡೇಷನ್ ದೆಹಲಿಯ ಲೋಧಿ ಕಾಲೊನಿಯಲ್ಲಿ ಹೀಗೆಯೇ ಮಾಡಿಸಿತು. ಬೇಲೂರಿನ ನೆರೆಯಲ್ಲಿರುವ ಗೆಂಡೆಹಳ್ಳಿಯವರಿಗೆ ಇದು ಹೊಸತೆಂದು ತೋರಲಾರದು. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಕೇಶವನನ್ನು ಪ್ರತಿಷ್ಠಿಸಿದನು. ಹಳೇಬೀಡಿನ ಹೊಯ್ಸಳೇಶ್ವರಾಲಯದ ನಿರ್ಮಾಣಕ್ಕೆ ಮುಂದಾದವನಾದರೋ ಅವನ ಅಧಿಕಾರಿ ಕೇತಮಲ್ಲ.

ಕಟ್ಟಿಸಿದವನ ಹೆಸರು ಶಾಸನದಲ್ಲಿ ನಿಲ್ಲುವುದು ಎಲ್ಲೆಡೆಯೂ ಉಂಟು. ಬೇಲೂರಿನ ವೈಶಿಷ್ಟ್ಯವೇ ಬೇರೆ. ಅಲ್ಲಿ ಕಡೆದವನ ಹೆಸರೂ ವಿಗ್ರಹದೊಡನೆ ಉಳಿದಿದೆ. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮದನಿಕೆಗಳ ಪೀಠದಲ್ಲಿ ತಮ್ಮ ಹೆಸರನ್ನು ಬಿರುದುಗಳ ಸಮೇತ ಕೊರೆದಿರುವರು. ಕೂಲಿ ಕೊಟ್ಟವರು ಅದನ್ನು ಅಳಿಸಲಿಲ್ಲ! ಆದರೂ ಜಕಣಾಚಾರಿಯ ಐತಿಹ್ಯವನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಕಲ್ಲೇ ಸಾಕ್ಷಿ ಹೇಳುವ ದಾಸೋಜನನ್ನು ಬಲ್ಲವರು ವಿರಳ.