ಆಟದ ಹಳೇ ಪುಟ, ಭಾಗ 6: ಲಾರ್ಡ್ಸ್ ನೆನಪಿದೆ, ಡರ್ಬಿ ಮರೆತಿದೀವಿ

ಹೋದ ಭಾಗದಲ್ಲಿ ಶಾಂತಾ ರಂಗಸ್ವಾಮಿ ಬಗ್ಗೆ ಬರೆದಿದ್ದೆ. 1976ರಲ್ಲಿ ಪಟ್ನಾದಲ್ಲಿ ಭಾರತದ ಮಹಿಳಾ ತಂಡ ಮೊದಲ ಟೆಸ್ಟ್ ಗೆದ್ದಾಗ ಕ್ಯಾಪ್ಟನ್ ಅವರೇ. ಅದನ್ನ ನೋಡಿ ಕ್ಲಾಸ್‌ಮೇಟ್ ಒಬ್ಬ, "ಬರೀ ಬೆಂಗಳೂರಿನವರೇನಾ, ನಮ್ಮ ಜಿಲ್ಲೇಲಿ ಯಾರೂ ಇಲ್ವಾ?" ಅಂತ ಮೆಸೇಜ್ ಮಾಡಿದ್ದ.

ಇದಾರೆ ಮಾರಾಯ. ಕಡೂರಿನ ವೇದಾ ಕೃಷ್ಣಮೂರ್ತಿ. ನಮ್ಮ ಕೊಟ್ಟಿಗೆಹಾರದಲ್ಲಿ ಛತ್ರಿ ಮಡಚೋಕೆ ಪುರುಸೊತ್ತಿರಲ್ಲ, ಕಡೂರಲ್ಲಿ ಮಳೆಗೆ ಕಾಯ್ತಾ ಇರ್ತಾರೆ, ಆದ್ರೂ ಜಿಲ್ಲೆ ಒಂದೇ.

2017ರ ವರ್ಲ್ಡ್ ಕಪ್ ಫೈನಲ್ ನಿಮಗೂ ನೆನಪಿರಬೇಕು. ಜುಲೈ 23, ಭಾನುವಾರ. ನನಗೆ ಆಗ ಹನ್ನೆರಡು ವರ್ಷ. ಮಳೆ ಜೋರಾದಾಗೆಲ್ಲ ಡಿಶ್ ಸಿಗ್ನಲ್ ಹೋಗ್ತಿತ್ತು, ಬಂದಾಗೆಲ್ಲ ಒಂದು ವಿಕೆಟ್ ಬಿದ್ದಿರ್ತಿತ್ತು. ಇಂಗ್ಲೆಂಡ್ 228. ನಾವು ಮೂರೇ ವಿಕೆಟ್‌ಗೆ 191. ಇನ್ನು 38 ರನ್ ಸಾಕಿತ್ತು. ಅಲ್ಲಿಂದ 28 ರನ್ ಸೇರಿಸೋಷ್ಟರಲ್ಲಿ ಏಳು ವಿಕೆಟ್ ಹೋಯ್ತು, 219ಕ್ಕೆ ಆಲ್ ಔಟ್. ಸೋತಿದ್ದು 9 ರನ್‌ಗೆ. ಆನ್ಯಾ ಶ್ರಬ್‌ಸೋಲ್ ಒಬ್ಬಳೇ 46 ರನ್ ಕೊಟ್ಟು 6 ವಿಕೆಟ್ ತಗೊಂಡಳು. ವೇದಾ 34 ಬಾಲ್‌ಗೆ 35 ಹೊಡೆದು, ತಂಡ 200 ಮುಟ್ಟಿದಾಗ ಕ್ಯಾಚ್ ಕೊಟ್ಟು ಔಟ್.

"ಆ ಶಾಟ್ ಬೇಕಿತ್ತಾ? ಹೆಣ್ಮಕ್ಕಳ ಕ್ರಿಕೆಟ್ ಇಷ್ಟೇ ಬಿಡು" ಅಂದ್ರು ಚಿಕ್ಕಪ್ಪ. ನಾನೂ ತಲೆ ಆಡಿಸಿದೆ. ಅದೇ ಈಗ ಬೇಜಾರು. ಯಾಕಂದ್ರೆ ಊರ ಗ್ರೌಂಡಲ್ಲಿ ಹುಡುಗರು ನನ್ನ ಕೈಗೆ ಬ್ಯಾಟೇ ಕೊಡ್ತಿರಲಿಲ್ಲ. ಕಾಫಿ ಗಿಡದ ಬುಡದಲ್ಲಿ ಜಿಗಣೆ ಕಚ್ಚಿಸ್ಕೊಂಡು ಬಾಲ್ ಹುಡುಕೋದು ಮಾತ್ರ ನನ್ನ ಕೆಲಸ. ಅಂಥ ನಾನೂ ತಲೆ ಆಡಿಸಿದ್ದೆ ನೋಡಿ.

ಹೋದ ವರ್ಷ ಆ ಟೂರ್ನಿಯ ಸ್ಕೋರ್‌ಕಾರ್ಡ್‌ಗಳನ್ನ ಕೂತು ಓದಿದೆ (ಬಿಕಾಂ ಬುದ್ಧಿ, ಲೆಕ್ಕ ಟ್ಯಾಲಿ ಆಗದೆ ನಿದ್ದೆ ಬರಲ್ಲ). ಫೈನಲ್‌ಗೆ ಎಂಟು ದಿನ ಮೊದಲು, ಜುಲೈ 15ಕ್ಕೆ ಡರ್ಬಿಯಲ್ಲಿ ನ್ಯೂಜಿಲೆಂಡ್ ಮೇಲೆ ಮ್ಯಾಚ್. ಅದಕ್ಕೂ ಮೊದಲು ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ ಎರಡರ ಕೈಲೂ ಸೋತು ಬಂದಿದ್ವು. ಇದನ್ನೂ ಸೋತ್ರೆ ಸೆಮಿಫೈನಲ್ ಇಲ್ಲ, ನೇರ ಮನೆಗೆ. ಮಿಥಾಲಿ ರಾಜ್ 109 ಹೊಡೆದ್ರು, ಆದ್ರೆ ಸ್ಕೋರ್ 265 ಆಗಿದ್ದು ವೇದಾ ಅವರ 45 ಬಾಲ್‌ಗೆ 70 ಇದ್ದಿದ್ರಿಂದ. ಆಮೇಲೆ ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ರನ್ ಕೊಟ್ಟು 5 ವಿಕೆಟ್ ಕಿತ್ರು. ನ್ಯೂಜಿಲೆಂಡ್ 79ಕ್ಕೆ ಆಲ್ ಔಟ್! ಗೆಲುವು 186 ರನ್‌ಗಳದ್ದು. ಒಬ್ಬರು ಕಡೂರು, ಒಬ್ಬರು ವಿಜಯಪುರ. ಈ ಮ್ಯಾಚ್ ಇಲ್ಲದಿದ್ರೆ ಹರ್ಮನ್‌ಪ್ರೀತ್ ಕೌರ್ ಸೆಮಿಫೈನಲ್‌ನಲ್ಲಿ ಹೊಡೆದ ಆ 171 ಕೂಡ ಇರ್ತಿರಲಿಲ್ಲ.

ಲಾರ್ಡ್ಸ್‌ನಲ್ಲಿ ಕೊನೇ ವಿಕೆಟ್ ಆಗಿ ಬೌಲ್ಡ್ ಆಗಿದ್ದೂ ಅದೇ ರಾಜೇಶ್ವರಿ. ಹುಡುಕಿದ್ರೆ ಆ ವೀಡಿಯೊನೇ ಮೊದಲು ಬರುತ್ತೆ.

ಡರ್ಬಿ ವೇದಾಗೆ ಹೊಸ ಜಾಗ ಅಲ್ಲ. 2011ರಲ್ಲಿ ಹದಿನೆಂಟು ವರ್ಷಕ್ಕೆ ಒನ್‌ಡೇ ಶುರು ಮಾಡಿದ್ದೂ ಅಲ್ಲೇ, ಇಂಗ್ಲೆಂಡ್ ವಿರುದ್ಧ, ಮೊದಲ ಮ್ಯಾಚಲ್ಲೇ ಅರ್ಧ ಶತಕ. ಒಟ್ಟು 48 ಒನ್‌ಡೇ, 76 ಟಿ20 ಆಡಿ 2025ರ ಜುಲೈನಲ್ಲಿ ರಿಟೈರ್ ಆದ್ರು. ಅದೇ ವರ್ಷ ನವೆಂಬರ್ 2ಕ್ಕೆ ನವಿ ಮುಂಬಯಿಯಲ್ಲಿ ಭಾರತ ದಕ್ಷಿಣ ಆಫ್ರಿಕಾನ 52 ರನ್‌ಗಳಿಂದ ಸೋಲಿಸಿ ಕಪ್ ಎತ್ತಿತು. ಆ ರಾತ್ರಿ ಚಿಕ್ಕಪ್ಪ ಕುರ್ಚಿಯಿಂದ ಎದ್ದು ಕುಣಿದ್ರು. ನಾನು ಮೆಲ್ಲಗೆ, "ಡರ್ಬಿ ಗೊತ್ತಾ ಚಿಕ್ಕಪ್ಪ?" ಅಂದೆ. "ಅದ್ಯಾವ ಊರೇ?" ಅಂದ್ರು.

ಅವರಿಗೋಸ್ಕರವೇ ಈ ಪೋಸ್ಟ್. ನಿಮ್ಮೂರಲ್ಲಿ ಹುಡುಗರ ಜೊತೆ ಬ್ಯಾಟ್ ಹಿಡಿದ ಹುಡುಗಿ ಯಾರಾದ್ರೂ ಇದ್ರೆ ಕಾಮೆಂಟಲ್ಲಿ ಹೇಳಿ.