ಪಂಚಕೇದಾರ ಯಾತ್ರೆ

ಪಂಚಕೇದಾರ ಯಾತ್ರೆಯು ಉತ್ತರಾಖಂಡ ರಾಜ್ಯದ ಗಢವಾಲ ಹಿಮಾಲಯದಲ್ಲಿರುವ ಐದು ಶಿವಕ್ಷೇತ್ರಗಳಿಗೆ ಕೈಗೊಳ್ಳುವ ತೀರ್ಥಯಾತ್ರೆಯಾಗಿದೆ. ಕೇದಾರನಾಥ, ಮಧ್ಯಮಹೇಶ್ವರ, ತುಂಗನಾಥ, ರುದ್ರನಾಥ ಮತ್ತು ಕಲ್ಪೇಶ್ವರ ಎಂಬ ಈ ಐದು ದೇವಾಲಯಗಳನ್ನು ಒಟ್ಟಾಗಿ ಪಂಚಕೇದಾರ ಎಂದು ಕರೆಯಲಾಗುತ್ತದೆ. ಮೊದಲ ಮೂರು ಕ್ಷೇತ್ರಗಳು ರುದ್ರಪ್ರಯಾಗ ಜಿಲ್ಲೆಯಲ್ಲಿಯೂ ಉಳಿದೆರಡು ಚಮೋಲಿ ಜಿಲ್ಲೆಯಲ್ಲಿಯೂ ಇವೆ. ಕಲ್ಪೇಶ್ವರವನ್ನು ಬಿಟ್ಟರೆ ಉಳಿದ ನಾಲ್ಕು ದೇವಾಲಯಗಳು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಅಥವಾ ಅದಕ್ಕಿಂತ ಹೆಚ್ಚಿನ ಎತ್ತರದಲ್ಲಿದ್ದು, ಇವುಗಳನ್ನು ತಲುಪಲು ಕಾಲುದಾರಿಯಲ್ಲಿ ಬೆಟ್ಟ ಹತ್ತಬೇಕು. ಚಳಿಗಾಲದಲ್ಲಿ ಈ ನಾಲ್ಕೂ ದೇವಾಲಯಗಳು ಹಿಮದಿಂದ ಮುಚ್ಚಿಹೋಗುವುದರಿಂದ ಸುಮಾರು ಆರು ತಿಂಗಳು ಮಾತ್ರ ದರ್ಶನಕ್ಕೆ ತೆರೆದಿರುತ್ತವೆ.

ಈ ಯಾತ್ರೆಗೆ ಕರ್ನಾಟಕದೊಡನೆ ಹಳೆಯ ಸಂಬಂಧವಿದೆ. ಕೇದಾರನಾಥ ದೇವಾಲಯದ ಪ್ರಧಾನ ಅರ್ಚಕರಾದ ರಾವಲರು ಕರ್ನಾಟಕ ಮೂಲದ ವೀರಶೈವ ಸಮುದಾಯಕ್ಕೆ ಸೇರಿದವರಾಗಿರುತ್ತಾರೆ.

ಪೌರಾಣಿಕ ಹಿನ್ನೆಲೆ

ಪಂಚಕೇದಾರದ ಉಗಮವನ್ನು ಪಾಂಡವರ ಕಥೆಯೊಡನೆ ಜೋಡಿಸಲಾಗಿದೆ. ಕುರುಕ್ಷೇತ್ರ ಯುದ್ಧದಲ್ಲಿ ಬಂಧುಗಳನ್ನೂ ಗುರುಗಳನ್ನೂ ಕೊಂದ ಪಾಪದಿಂದ ಮುಕ್ತರಾಗಲು ಪಾಂಡವರು ಶಿವನನ್ನು ಅರಸುತ್ತಾ ಹೊರಟರು. ಅವರಿಗೆ ದರ್ಶನ ಕೊಡಲು ಮನಸ್ಸಿಲ್ಲದ ಶಿವನು ಕಾಶಿಯನ್ನು ತೊರೆದು ಹಿಮಾಲಯಕ್ಕೆ ಬಂದು ಅಡಗಿಕೊಂಡನು. ಅವನು ಮರೆಯಾಗಿದ್ದ ಸ್ಥಳಕ್ಕೆ ಗುಪ್ತಕಾಶಿ ಎಂಬ ಹೆಸರು ಬಂದಿತು. ಅನಂತರ ಶಿವನು ಗೂಳಿಯ ರೂಪ ತಾಳಿ ಮೇಯುತ್ತಿದ್ದ ದನಗಳೊಡನೆ ಸೇರಿಕೊಂಡಾಗ ಭೀಮನು ಅವನನ್ನು ಗುರುತಿಸಿ ಹಿಡಿಯಲು ಮುಂದಾದನು. ಗೂಳಿಯು ನೆಲದೊಳಗೆ ಇಳಿದು ಮಾಯವಾಗಿ, ಅದರ ಅಂಗಗಳು ಬೇರೆ ಬೇರೆ ಕಡೆ ಪ್ರಕಟವಾದವು. ಕೇದಾರನಾಥದಲ್ಲಿ ಹಿಣಿಲು, ಮಧ್ಯಮಹೇಶ್ವರದಲ್ಲಿ ನಾಭಿ, ತುಂಗನಾಥದಲ್ಲಿ ಬಾಹುಗಳು, ರುದ್ರನಾಥದಲ್ಲಿ ಮುಖ ಮತ್ತು ಕಲ್ಪೇಶ್ವರದಲ್ಲಿ ಜಟೆ ಕಾಣಿಸಿಕೊಂಡವು ಎಂಬುದು ನಂಬಿಕೆ. ಪಾಂಡವರು ಈ ಐದೂ ಸ್ಥಳಗಳಲ್ಲಿ ಶಿವನನ್ನು ಪ್ರತಿಷ್ಠಾಪಿಸಿ ಪೂಜಿಸಿದರೆಂದು ಹೇಳಲಾಗುತ್ತದೆ. ಗೂಳಿಯ ಮುಂಭಾಗವು ನೇಪಾಳದಲ್ಲಿ ಪ್ರಕಟವಾಯಿತೆಂದೂ ಒಂದು ಐತಿಹ್ಯವಿದೆ.

ಈ ಕಥೆಯು ಗಢವಾಲದ ಜನಪದ ಪರಂಪರೆಯಲ್ಲಿ ಗಟ್ಟಿಯಾಗಿ ಬೇರೂರಿದೆ. ಕೇದಾರನಾಥದ ಲಿಂಗವು ದುಂಡಗಿರದೆ ತ್ರಿಕೋನಾಕಾರದ ಬಂಡೆಯಂತಿರುವುದನ್ನು ಗೂಳಿಯ ಹಿಣಿಲಿನ ಕುರುಹೆಂದು ಭಕ್ತರು ಭಾವಿಸುತ್ತಾರೆ.

ಐದು ಕ್ಷೇತ್ರಗಳು ಮತ್ತು ಕಾಲುದಾರಿಗಳು

ಸಾಂಪ್ರದಾಯಿಕ ಕ್ರಮದಲ್ಲಿ ಯಾತ್ರೆಯು ಕೇದಾರನಾಥದಿಂದ ಆರಂಭಗೊಂಡು ಮಧ್ಯಮಹೇಶ್ವರ, ತುಂಗನಾಥ, ರುದ್ರನಾಥಗಳ ಮೂಲಕ ಕಲ್ಪೇಶ್ವರದಲ್ಲಿ ಮುಗಿಯುತ್ತದೆ. ಹಿಂದೆ ಯಾತ್ರಿಕರು ಕಣಿವೆಯಿಂದ ಕಣಿವೆಗೆ ನಡೆದೇ ಸಾಗುತ್ತಿದ್ದರು. ಈಗ ಪ್ರತಿಯೊಂದು ಕ್ಷೇತ್ರದ ಬುಡದವರೆಗೆ ವಾಹನದಲ್ಲಿ ಹೋಗಿ, ಅಲ್ಲಿಂದ ಮೇಲಕ್ಕೆ ನಡೆಯುವುದು ವಾಡಿಕೆಯಾಗಿದೆ. ಎಲ್ಲ ಐದು ಕ್ಷೇತ್ರಗಳನ್ನು ಒಂದೇ ಯಾತ್ರೆಯಲ್ಲಿ ನೋಡಲು ಸಾಮಾನ್ಯವಾಗಿ ಎರಡು ವಾರಗಳಷ್ಟು ಸಮಯ ಬೇಕಾಗುತ್ತದೆ.

ಕೇದಾರನಾಥ

ಕೇದಾರನಾಥವು 3,583 ಮೀಟರ್ ಎತ್ತರದಲ್ಲಿ, ಮಂದಾಕಿನಿ ನದಿಯ ಉಗಮದ ಸಮೀಪದಲ್ಲಿದೆ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದಾದ ಇದು ಉತ್ತರಾಖಂಡದ ಚಾರ್‌ಧಾಮ್‌ಗಳಲ್ಲಿಯೂ ಒಂದಾಗಿದೆ. ರಸ್ತೆಯು ಗೌರೀಕುಂಡದಲ್ಲಿ ಕೊನೆಗೊಳ್ಳುತ್ತದೆ. ಸುಮಾರು 1,980 ಮೀಟರ್ ಎತ್ತರದಲ್ಲಿರುವ ಗೌರೀಕುಂಡದಿಂದ ದೇವಾಲಯಕ್ಕೆ ಸುಮಾರು 16 ಕಿ.ಮೀ. ಏರುದಾರಿಯಿದ್ದು, ಯಾತ್ರಿಕರು ಒಟ್ಟು 1,600 ಮೀಟರ್‌ಗಳಷ್ಟು ಎತ್ತರವನ್ನು ಹತ್ತಬೇಕಾಗುತ್ತದೆ.

2013ಕ್ಕೂ ಮೊದಲು ಈ ದಾರಿಯು ರಾಮಬಾಡಾ ಮತ್ತು ಗರುಡಚಟ್ಟಿಗಳ ಮೂಲಕ ಹಾದುಹೋಗುತ್ತಿತ್ತು. ಆ ವರ್ಷದ ಪ್ರವಾಹದಲ್ಲಿ ರಾಮಬಾಡಾ ಪೂರ್ಣವಾಗಿ ಕೊಚ್ಚಿಹೋದ ಬಳಿಕ, ಭೀಮಬಲಿಯನ್ನು ದಾಟಿದ ಮೇಲೆ ನದಿಯ ಇನ್ನೊಂದು ದಡಕ್ಕೆ ಹೋಗಿ ಲಿಂಚೋಲಿಯ ಮೂಲಕ ಸಾಗುವ ಹೊಸ ದಾರಿಯನ್ನು ನಿರ್ಮಿಸಲಾಯಿತು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯು ಈ ಪುನರ್ನಿರ್ಮಾಣದಲ್ಲಿ ಪ್ರಮುಖ ಪಾತ್ರ ವಹಿಸಿತು. ನಡೆಯಲಾಗದವರಿಗೆ ಕುದುರೆ, ಹೇಸರಗತ್ತೆ, ನಾಲ್ವರು ಹೊರುವ ಡೋಲಿ ಹಾಗೂ ಒಬ್ಬರೇ ಬೆನ್ನ ಮೇಲೆ ಹೊರುವ ಕಂಡಿ ಎಂಬ ಬುಟ್ಟಿಯ ವ್ಯವಸ್ಥೆಯಿದೆ. ಗುಪ್ತಕಾಶಿ, ಫಾಟಾ ಮತ್ತು ಸೇರ್ಸಿಗಳಿಂದ ಹೆಲಿಕಾಪ್ಟರ್ ಸೇವೆಯೂ ಇದೆ.

ಮಧ್ಯಮಹೇಶ್ವರ

ಮಧ್ಯಮಹೇಶ್ವರವು ಸುಮಾರು 3,500 ಮೀಟರ್ ಎತ್ತರದಲ್ಲಿ, ಮೂರು ಕಡೆ ಬೆಟ್ಟಗಳಿಂದ ಸುತ್ತುವರಿದ ಹುಲ್ಲುಗಾವಲಿನಲ್ಲಿದೆ. ಸ್ಥಳೀಯರು ಇದನ್ನು ಮದ್‌ಮಹೇಶ್ವರ ಎಂದು ಕರೆಯುತ್ತಾರೆ. ಊಖೀಮಠದಿಂದ ರಾಂಸಿ ಎಂಬ ಹಳ್ಳಿಯವರೆಗೆ ವಾಹನದಲ್ಲಿ ಬಂದು, ಅಲ್ಲಿಂದ ಗೌಂಡಾರ್ ಮತ್ತು ಬಂತೋಲಿಗಳ ಮೂಲಕ ಸುಮಾರು 16 ಕಿ.ಮೀ. ನಡೆಯಬೇಕು. ಗೌಂಡಾರ್ ಈ ದಾರಿಯ ಕೊನೆಯ ದೊಡ್ಡ ಹಳ್ಳಿ. ಬಂತೋಲಿಯ ನಂತರ ದಾರಿಯು ಕಾಡಿನ ನಡುವೆ ಕಡಿದಾಗಿ ಏರುತ್ತದೆ. ದೇವಾಲಯದಿಂದ ಸುಮಾರು 2 ಕಿ.ಮೀ. ಮೇಲಿರುವ ಬೂಢಾ ಮಧ್ಯಮಹೇಶ್ವರ ಎಂಬ ದಿಣ್ಣೆಯಿಂದ 7,138 ಮೀಟರ್ ಎತ್ತರದ ಚೌಖಂಬಾ ಶಿಖರವು ಸ್ಪಷ್ಟವಾಗಿ ಕಾಣಿಸುತ್ತದೆ. ಇಲ್ಲಿಯೂ ಪೂಜಾಕಾರ್ಯವನ್ನು ಕರ್ನಾಟಕ ಮೂಲದ ಜಂಗಮ ಅರ್ಚಕರು ನಡೆಸುವ ಪದ್ಧತಿಯಿದೆ.

ತುಂಗನಾಥ

ತುಂಗನಾಥವು ಸುಮಾರು 3,680 ಮೀಟರ್ ಎತ್ತರದಲ್ಲಿದ್ದು, ಪಂಚಕೇದಾರಗಳಲ್ಲಿ ಅತ್ಯಂತ ಎತ್ತರದಲ್ಲಿದೆ. ಆದರೆ ನಾಲ್ಕು ಎತ್ತರದ ಕ್ಷೇತ್ರಗಳಲ್ಲಿ ತಲುಪಲು ಅತಿ ಸುಲಭವಾದುದೂ ಇದೇ ಆಗಿದೆ. ಊಖೀಮಠ ಮತ್ತು ಗೋಪೇಶ್ವರಗಳ ನಡುವಿನ ರಸ್ತೆಯಲ್ಲಿರುವ ಚೋಪ್ತಾದಿಂದ ಕಲ್ಲು ಹಾಸಿದ ದಾರಿಯಲ್ಲಿ ಸುಮಾರು 4 ಕಿ.ಮೀ. ನಡೆದರೆ ದೇವಾಲಯ ಸಿಗುತ್ತದೆ. ಅಲ್ಲಿಂದ ಇನ್ನೂ ಮೇಲೆ, ಸುಮಾರು 4,000 ಮೀಟರ್ ಎತ್ತರದಲ್ಲಿ ಚಂದ್ರಶಿಲಾ ಶಿಖರವಿದೆ. ತುಂಗನಾಥದ ಬೆಟ್ಟಸಾಲು ಮಂದಾಕಿನಿ ಮತ್ತು ಅಲಕನಂದಾ ನದಿಗಳ ಜಲಾನಯನ ಪ್ರದೇಶಗಳನ್ನು ಬೇರ್ಪಡಿಸುತ್ತದೆ. ಇಲ್ಲಿನ ಅರ್ಚಕರು ದಕ್ಷಿಣ ಭಾರತದವರಲ್ಲ. ಮಕ್ಕೂ ಗ್ರಾಮದ ಮೈಠಾಣಿ ಬ್ರಾಹ್ಮಣರು ಇಲ್ಲಿ ಪೂಜೆ ಸಲ್ಲಿಸುತ್ತಾರೆ.

ರುದ್ರನಾಥ

ರುದ್ರನಾಥವು ಐದು ಕ್ಷೇತ್ರಗಳಲ್ಲಿ ತಲುಪಲು ಅತ್ಯಂತ ಕಠಿಣವಾದುದೆಂದು ಪರಿಗಣಿತವಾಗಿದೆ. ಸುಮಾರು 3,600 ಮೀಟರ್ ಎತ್ತರದಲ್ಲಿರುವ ಈ ದೇವಾಲಯವು ಬೃಹತ್ ಬಂಡೆಯ ಕೆಳಗಿನ ನೈಸರ್ಗಿಕ ಗುಹೆಯಲ್ಲಿದೆ. ಇಲ್ಲಿ ಶಿವನ ಮುಖವನ್ನು ನೀಲಕಂಠ ಮಹಾದೇವ ಎಂಬ ಹೆಸರಿನಿಂದ ಪೂಜಿಸಲಾಗುತ್ತದೆ. ಗೋಪೇಶ್ವರದ ಸಮೀಪದ ಸಗರ್ ಗ್ರಾಮದಿಂದ ಸುಮಾರು 20 ಕಿ.ಮೀ. ದೂರದ ದಾರಿಯು ಮೊದಲು ದಟ್ಟವಾದ ಕಾಡಿನಲ್ಲಿ ಏರಿ, ಅನಂತರ ಪನಾರ್ ಹುಲ್ಲುಗಾವಲು ಮತ್ತು ಪಿತೃಧಾರ್‌ಗಳ ಮೂಲಕ ಸಾಗುತ್ತದೆ. ಮಂಡಲ್ ಗ್ರಾಮದಿಂದ ಅನಸೂಯಾ ದೇವಿ ದೇವಾಲಯದ ಮೂಲಕ ಹೋಗುವ ಇನ್ನೊಂದು ದಾರಿಯೂ ಇದೆ. ದೇವಾಲಯದ ಸಮೀಪ ಹರಿಯುವ ತೊರೆಯನ್ನು ವೈತರಣಿ ಎಂದು ಕರೆಯಲಾಗುತ್ತಿದ್ದು, ಭಕ್ತರು ಇಲ್ಲಿ ಪಿತೃಗಳಿಗೆ ಪಿಂಡಪ್ರದಾನ ಮಾಡುತ್ತಾರೆ.

ಕಲ್ಪೇಶ್ವರ

ಸುಮಾರು 2,200 ಮೀಟರ್ ಎತ್ತರದಲ್ಲಿ ಉರ್ಗಮ್ ಕಣಿವೆಯಲ್ಲಿರುವ ಕಲ್ಪೇಶ್ವರವು ವರ್ಷವಿಡೀ ತೆರೆದಿರುವ ಏಕೈಕ ಕೇದಾರ. ಚಿಕ್ಕ ಗುಹೆಯೊಳಗಿರುವ ಇಲ್ಲಿನ ದೇವಾಲಯದಲ್ಲಿ ಶಿವನ ಜಟೆಯನ್ನು ಪೂಜಿಸಲಾಗುತ್ತದೆ. ಋಷಿಕೇಶ–ಬದರೀನಾಥ ಹೆದ್ದಾರಿಯಲ್ಲಿರುವ ಹೇಲಂಗ್‌ನಿಂದ ಕವಲೊಡೆಯುವ ರಸ್ತೆಯು ಈಗ ಕಣಿವೆಯ ಒಳಗಿನವರೆಗೂ ಬಂದಿರುವುದರಿಂದ ನಡೆಯಬೇಕಾದ ದೂರ ಬಹಳ ಕಡಿಮೆಯಾಗಿದೆ. ಸಪ್ತಬದರಿಗಳಲ್ಲಿ ಒಂದಾದ ಧ್ಯಾನಬದರಿಯೂ ಇದೇ ಕಣಿವೆಯಲ್ಲಿದೆ.

ಯಾತ್ರಾಕಾಲ ಮತ್ತು ಆಚರಣೆಗಳು

ಕೇದಾರನಾಥ ದೇವಾಲಯದ ಬಾಗಿಲು ಸಾಮಾನ್ಯವಾಗಿ ಅಕ್ಷಯ ತೃತೀಯದ ಆಸುಪಾಸಿನಲ್ಲಿ ತೆರೆಯುತ್ತದೆ. ತೆರೆಯುವ ದಿನವನ್ನು ಪ್ರತಿವರ್ಷ ಮಹಾಶಿವರಾತ್ರಿಯಂದು ಊಖೀಮಠದ ಓಂಕಾರೇಶ್ವರ ದೇವಾಲಯದಲ್ಲಿ ಪಂಚಾಂಗವನ್ನು ಆಧರಿಸಿ ಘೋಷಿಸಲಾಗುತ್ತದೆ. ದೀಪಾವಳಿಯ ನಂತರದ ಯಮದ್ವಿತೀಯೆಯಂದು ಬಾಗಿಲು ಮುಚ್ಚಲಾಗುತ್ತದೆ. ಉಳಿದ ಎತ್ತರದ ಕ್ಷೇತ್ರಗಳೂ ಮೇ ತಿಂಗಳಿನಿಂದ ಅಕ್ಟೋಬರ್ ಅಥವಾ ನವೆಂಬರ್ ತನಕ ತೆರೆದಿರುತ್ತವೆ.

ಬಾಗಿಲು ಮುಚ್ಚಿದ ನಂತರವೂ ಪೂಜೆ ನಿಲ್ಲುವುದಿಲ್ಲ. ಉತ್ಸವಮೂರ್ತಿಯನ್ನು ಅಲಂಕೃತ ಪಲ್ಲಕ್ಕಿಯಲ್ಲಿರಿಸಿ, ವಾದ್ಯಗಳೊಡನೆ ಕಾಲ್ನಡಿಗೆಯಲ್ಲಿ ತಗ್ಗಿನ ಊರಿಗೆ ತರಲಾಗುತ್ತದೆ. ಚಳಿಗಾಲದ ಪೀಠಗಳು ಹೀಗಿವೆ:

• ಕೇದಾರನಾಥ – ಊಖೀಮಠದ ಓಂಕಾರೇಶ್ವರ ದೇವಾಲಯ
• ಮಧ್ಯಮಹೇಶ್ವರ – ಊಖೀಮಠದ ಓಂಕಾರೇಶ್ವರ ದೇವಾಲಯ
• ತುಂಗನಾಥ – ಮಕ್ಕೂಮಠದ ಮಾರ್ಕಂಡೇಯ ದೇವಾಲಯ
• ರುದ್ರನಾಥ – ಗೋಪೇಶ್ವರದ ಗೋಪೀನಾಥ ದೇವಾಲಯ

ಪಲ್ಲಕ್ಕಿ ಸಾಗುವ ದಾರಿಯ ಹಳ್ಳಿಗಳ ಜನರು ದೇವರನ್ನು ತಮ್ಮೂರಿನ ಅತಿಥಿಯಂತೆ ಬರಮಾಡಿಕೊಳ್ಳುತ್ತಾರೆ. ಮಧ್ಯಮಹೇಶ್ವರನ ಪಲ್ಲಕ್ಕಿ ಹಿಂದಿರುಗುವ ಸಂದರ್ಭದಲ್ಲಿ ಊಖೀಮಠದಲ್ಲಿ ಜಾತ್ರೆ ನಡೆಯುತ್ತದೆ. ಕೇದಾರನಾಥದ ಆಡಳಿತವನ್ನು 1939ರ ಕಾಯಿದೆಯಡಿ ರಚಿತವಾದ ಬದರೀನಾಥ–ಕೇದಾರನಾಥ ದೇವಾಲಯ ಸಮಿತಿಯು ನೋಡಿಕೊಳ್ಳುತ್ತದೆ.

ಕರ್ನಾಟಕದ ಸಂಬಂಧ

ವೀರಶೈವ ಪರಂಪರೆಯ ಪಂಚಪೀಠಗಳಲ್ಲಿ ಕೇದಾರ ಪೀಠವೂ ಒಂದಾಗಿದ್ದು, ಅದರ ನೆಲೆ ಊಖೀಮಠದಲ್ಲಿದೆ. ರಂಭಾಪುರಿ, ಉಜ್ಜಯಿನಿ, ಶ್ರೀಶೈಲ ಮತ್ತು ಕಾಶಿ ಉಳಿದ ನಾಲ್ಕು ಪೀಠಗಳಾಗಿವೆ. ಕೇದಾರನಾಥದ ರಾವಲರು ಸ್ವತಃ ನಿತ್ಯಪೂಜೆ ಮಾಡುವುದಿಲ್ಲ. ಅವರ ಸೂಚನೆಯಂತೆ ಸಹಾಯಕ ಅರ್ಚಕರು ಪೂಜೆ ಸಲ್ಲಿಸುತ್ತಾರೆ. ಬದರೀನಾಥದಲ್ಲಿ ಕೇರಳದ ನಂಬೂದಿರಿ ಸಮುದಾಯದ ರಾವಲರೇ ಪೂಜೆ ಸಲ್ಲಿಸುವುದಕ್ಕಿಂತ ಈ ಪದ್ಧತಿ ಭಿನ್ನವಾಗಿದೆ. ಚಳಿಗಾಲದಲ್ಲಿ ರಾವಲರು ಉತ್ಸವಮೂರ್ತಿಯೊಡನೆ ಊಖೀಮಠದಲ್ಲಿ ನೆಲೆಸುತ್ತಾರೆ.

ದೇವಾಲಯದ ಹಿಂಭಾಗದಲ್ಲಿದ್ದ ಆದಿ ಶಂಕರಾಚಾರ್ಯರ ಸಮಾಧಿ ಸ್ಥಳವು 2013ರ ಪ್ರವಾಹದಲ್ಲಿ ನಾಶವಾಗಿತ್ತು. ಅದನ್ನು ಪುನರ್ನಿರ್ಮಿಸಿ, ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್ ಕೆತ್ತಿದ 12 ಅಡಿ ಎತ್ತರದ ಶಂಕರಾಚಾರ್ಯರ ಶಿಲಾಪ್ರತಿಮೆಯನ್ನು ಅಲ್ಲಿ ಸ್ಥಾಪಿಸಲಾಯಿತು. 2021ರ ನವೆಂಬರ್ 5ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಇದನ್ನು ಅನಾವರಣಗೊಳಿಸಿದರು.

ನೈಸರ್ಗಿಕ ಪರಿಸರ

ಪಂಚಕೇದಾರ ಪ್ರದೇಶದ ಬಹುಭಾಗವು 1972ರಲ್ಲಿ ಘೋಷಿತವಾದ, ಸುಮಾರು 975 ಚದರ ಕಿ.ಮೀ. ವಿಸ್ತೀರ್ಣದ ಕೇದಾರನಾಥ ವನ್ಯಜೀವಿಧಾಮದ ಒಳಗೆ ಅಥವಾ ಅದರ ಅಂಚಿನಲ್ಲಿದೆ. ಅಳಿವಿನಂಚಿನಲ್ಲಿರುವ ಕಸ್ತೂರಿ ಮೃಗ, ಹಿಮಾಲಯದ ತಾರ್ ಎಂಬ ಕಾಡುಮೇಕೆ ಮತ್ತು ಉತ್ತರಾಖಂಡದ ರಾಜ್ಯಪಕ್ಷಿಯಾದ ಮೋನಾಲ್ ಇಲ್ಲಿ ಕಂಡುಬರುತ್ತವೆ. ತಗ್ಗಿನ ಕಾಡುಗಳಲ್ಲಿ ಓಕ್ ಮರಗಳೂ ವಸಂತದಲ್ಲಿ ಕೆಂಪು ಹೂ ಬಿಡುವ ಬುರಾಂಶ್ ಮರಗಳೂ ಹೇರಳವಾಗಿವೆ. ಮರಗಳು ಬೆಳೆಯುವ ಎತ್ತರದ ಮಿತಿಯನ್ನು ದಾಟಿದ ಮೇಲೆ ಬುಗ್ಯಾಲ್ ಎಂದು ಕರೆಯಲಾಗುವ ವಿಶಾಲ ಹುಲ್ಲುಗಾವಲುಗಳಿವೆ. ಬೇಸಿಗೆಯಲ್ಲಿ ಕುರಿಗಾಹಿಗಳು ತಮ್ಮ ಮಂದೆಗಳನ್ನು ಇಲ್ಲಿಗೆ ತರುತ್ತಾರೆ. ಮಳೆಗಾಲದಲ್ಲಿ ಅರಳುವ ಬ್ರಹ್ಮಕಮಲವನ್ನು ಕೇದಾರನಾಥನಿಗೆ ಅರ್ಪಿಸಲಾಗುತ್ತದೆ.

ವಿಕೋಪಗಳು

2013ರ ಜೂನ್ 16 ಮತ್ತು 17ರಂದು ಭಾರಿ ಮಳೆಯಿಂದ ಮಂದಾಕಿನಿ ಕಣಿವೆಯಲ್ಲಿ ಪ್ರವಾಹ ಉಂಟಾಯಿತು. 17ರ ಬೆಳಿಗ್ಗೆ ಕೇದಾರನಾಥದ ಮೇಲ್ಭಾಗದಲ್ಲಿದ್ದ ಚೋರಾಬಾರಿ ಸರೋವರದ ದಂಡೆ ಒಡೆಯಿತು. 1948ರಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನು ವಿಸರ್ಜಿಸಿದ ಕಾರಣ ಈ ಸರೋವರಕ್ಕೆ ಗಾಂಧಿ ಸರೋವರ ಎಂಬ ಹೆಸರೂ ಇದೆ. ಹಿಮನದಿ ಕೂಡಿಹಾಕಿದ್ದ ಸಡಿಲ ಕಲ್ಲುಮಣ್ಣಿನ ದಂಡೆ ಕುಸಿದಾಗ ನೀರು, ಕೆಸರು ಮತ್ತು ಬಂಡೆಗಳು ಕೇದಾರನಾಥ ಪಟ್ಟಣದ ಮೇಲೆ ನುಗ್ಗಿದವು. ದೇವಾಲಯದ ಹಿಂದೆ ಬಂದು ನಿಂತ ದೊಡ್ಡ ಬಂಡೆಯೊಂದು ಪ್ರವಾಹವನ್ನು ಎರಡು ಕಡೆಗೆ ಸೀಳಿದ್ದರಿಂದ ಮುಖ್ಯ ಕಟ್ಟಡವು ಉಳಿಯಿತು. ಈ ಬಂಡೆಯನ್ನು ಭಕ್ತರು ಭೀಮಶಿಲೆ ಎಂದು ಪೂಜಿಸುತ್ತಾರೆ. ರಾಜ್ಯದಾದ್ಯಂತ 5,700ಕ್ಕೂ ಹೆಚ್ಚು ಜನರು ಮೃತಪಟ್ಟರೆಂದು ಭಾವಿಸಲಾಗಿದ್ದು, ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು.

ಅನಂತರವೂ ಈ ದಾರಿಗಳು ಹಾನಿಗೊಳಗಾಗಿವೆ. 2023ರ ಆಗಸ್ಟ್‌ನಲ್ಲಿ ಮಧ್ಯಮಹೇಶ್ವರ ದಾರಿಯ ಬಂತೋಲಿ ಸೇತುವೆ ಕೊಚ್ಚಿಹೋಗಿ ಯಾತ್ರಿಕರು ಮೇಲೆಯೇ ಸಿಲುಕಿಕೊಂಡರು. 2024ರ ಜುಲೈ 31ರ ರಾತ್ರಿಯ ಮಳೆಯಿಂದ ಕೇದಾರನಾಥ ದಾರಿಯು ಹಲವೆಡೆ ಕುಸಿದು, ಸಾವಿರಾರು ಜನರನ್ನು ರಕ್ಷಿಸಬೇಕಾಯಿತು.

ಯಾತ್ರಿಕರ ಆರೋಗ್ಯ

3,500 ಮೀಟರ್ ಎತ್ತರದಲ್ಲಿ ವಾಯುಭಾರವು ಸಮುದ್ರಮಟ್ಟದ ಸುಮಾರು ಮೂರನೆಯ ಎರಡು ಭಾಗದಷ್ಟಿರುತ್ತದೆ. ಅದಕ್ಕನುಗುಣವಾಗಿ ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಬಯಲುಸೀಮೆಯಿಂದ ಬಂದವರು ಒಂದೆರಡು ದಿನಗಳಲ್ಲಿಯೇ ಈ ಎತ್ತರವನ್ನು ತಲುಪಿದರೆ ತಲೆನೋವು, ವಾಕರಿಕೆ, ನಿದ್ರಾಹೀನತೆ ಮತ್ತು ಆಯಾಸಗಳು ಕಾಣಿಸಿಕೊಳ್ಳಬಹುದು. ಇವು ಪರ್ವತ ಕಾಯಿಲೆಯ ಲಕ್ಷಣಗಳು. ವಿಶ್ರಾಂತಿಯಲ್ಲಿದ್ದಾಗಲೂ ಏದುಸಿರು, ಕೆಮ್ಮು, ಮಾತಿನಲ್ಲಿ ತೊದಲುವಿಕೆ ಅಥವಾ ನಡಿಗೆಯಲ್ಲಿ ತೂರಾಟ ಕಂಡುಬಂದರೆ ಶ್ವಾಸಕೋಶ ಇಲ್ಲವೇ ಮೆದುಳಿನಲ್ಲಿ ನೀರು ತುಂಬಿಕೊಳ್ಳುತ್ತಿರುವ ಸಾಧ್ಯತೆಯಿದ್ದು, ತಡಮಾಡದೆ ಕೆಳಗಿಳಿಯುವುದೇ ಮುಖ್ಯ ಚಿಕಿತ್ಸೆಯಾಗಿದೆ. ಮಾರ್ಗಮಧ್ಯದ ಊರುಗಳಲ್ಲಿ ತಂಗುತ್ತಾ ನಿಧಾನವಾಗಿ ಏರುವುದರಿಂದ ದೇಹವು ಎತ್ತರಕ್ಕೆ ಹೊಂದಿಕೊಳ್ಳುತ್ತದೆ. ಹೆಲಿಕಾಪ್ಟರ್‌ನಲ್ಲಿ ಹೋಗುವವರಿಗೆ ಈ ಅವಕಾಶ ಸಿಗುವುದಿಲ್ಲ. ಹೃದ್ರೋಗ, ಉಬ್ಬಸ ಮತ್ತು ಅಧಿಕ ರಕ್ತದೊತ್ತಡ ಇರುವವರು ಮುಂಚಿತವಾಗಿ ವೈದ್ಯರ ಸಲಹೆ ಪಡೆಯುವುದು ಅಗತ್ಯ. ಕೇದಾರನಾಥ ಯಾತ್ರೆಗೆ ಮುಂಗಡ ನೋಂದಣಿ ಕಡ್ಡಾಯವಾಗಿದೆ.

ಅಭಿವೃದ್ಧಿ ಮತ್ತು ಚರ್ಚೆಗಳು

ರಸ್ತೆ ಮತ್ತು ವಾಯುಸಾರಿಗೆ ಸುಧಾರಿಸಿದಂತೆ ಕೇದಾರನಾಥಕ್ಕೆ ಬರುವ ಯಾತ್ರಿಕರ ಸಂಖ್ಯೆ ಬಹಳ ಹೆಚ್ಚಿದೆ. 2025ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಸೋನಪ್ರಯಾಗದಿಂದ ಕೇದಾರನಾಥಕ್ಕೆ 12.9 ಕಿ.ಮೀ. ಉದ್ದದ ರೋಪ್‌ವೇ ಯೋಜನೆಗೆ ಅನುಮೋದನೆ ನೀಡಿತು. ಸುಮಾರು 4,081 ಕೋಟಿ ರೂಪಾಯಿ ವೆಚ್ಚದ ಈ ಯೋಜನೆಯಿಂದ 8–9 ಗಂಟೆಗಳ ಪ್ರಯಾಣವು 36 ನಿಮಿಷಗಳಿಗೆ ಇಳಿಯಲಿದೆ ಎಂದು ಸರ್ಕಾರ ತಿಳಿಸಿದೆ. ವೃದ್ಧರಿಗೂ ಅಶಕ್ತರಿಗೂ ಇದರಿಂದ ಅನುಕೂಲವಾಗುತ್ತದೆ ಮತ್ತು ಹೇಸರಗತ್ತೆಗಳ ಮೇಲಿನ ಹೊರೆ ತಗ್ಗುತ್ತದೆ ಎಂಬುದು ಯೋಜನೆಯ ಪರವಾದ ವಾದ. ಹಿಮನದಿಯ ಕಲ್ಲುಮಣ್ಣಿನ ಮೇಲೆ ನಿಂತಿರುವ ಇಕ್ಕಟ್ಟಾದ ಕಣಿವೆಯು ಇನ್ನಷ್ಟು ಜನಸಂದಣಿಯನ್ನು ತಾಳಿಕೊಳ್ಳಲಾರದು, ಹಾಗೂ ದಾರಿಯುದ್ದಕ್ಕೂ ಚಹಾ ಅಂಗಡಿ, ವಸತಿ ಮತ್ತು ಹೊರೆ ಸಾಗಣೆಗಳಿಂದ ಬದುಕುವ ಸ್ಥಳೀಯರ ಜೀವನೋಪಾಯಕ್ಕೆ ಧಕ್ಕೆಯಾಗುತ್ತದೆ ಎಂಬುದು ಇದರ ವಿರುದ್ಧದ ವಾದವಾಗಿದೆ.

ಉಳಿದ ಕ್ಷೇತ್ರಗಳಲ್ಲಿ ಸಮಸ್ಯೆಯ ಸ್ವರೂಪ ಬೇರೆಯಾಗಿದೆ. ತುಂಗನಾಥ ದೇವಾಲಯವು 5ರಿಂದ 6 ಡಿಗ್ರಿಗಳಷ್ಟು ವಾಲಿರುವುದನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯು ಗುರುತಿಸಿರುವುದಾಗಿ 2023ರಲ್ಲಿ ವರದಿಯಾಯಿತು. ಚೋಪ್ತಾ ಪರಿಸರದಲ್ಲಿ ಪ್ಲಾಸ್ಟಿಕ್ ತ್ಯಾಜ್ಯ ಮತ್ತು ಹುಲ್ಲುಗಾವಲುಗಳ ತುಳಿತ ಆತಂಕಕ್ಕೆ ಕಾರಣವಾಗಿವೆ. ಚಳಿಯಲ್ಲಿ ಬೆಳವಣಿಗೆ ಬಹಳ ನಿಧಾನವಾಗಿರುವುದರಿಂದ ಒಮ್ಮೆ ಸವೆದ ಬುಗ್ಯಾಲ್ ಮತ್ತೆ ಹಸಿರಾಗಲು ಹಲವು ವರ್ಷಗಳೇ ಬೇಕಾಗುತ್ತವೆ. ಮಧ್ಯಮಹೇಶ್ವರ ಮತ್ತು ರುದ್ರನಾಥಗಳಿಗೆ ಇಂದಿಗೂ ನಡೆದೇ ಹೋಗಬೇಕಾಗಿರುವುದರಿಂದ ಅಲ್ಲಿ ಜನಸಂದಣಿ ಕಡಿಮೆಯಿದ್ದು, ಹಳೆಯ ಯಾತ್ರಾಪದ್ಧತಿಯು ಬಹುಮಟ್ಟಿಗೆ ಉಳಿದುಕೊಂಡಿದೆ.

ಇವನ್ನೂ ನೋಡಿ

• ಕೇದಾರನಾಥ
• ಬದರೀನಾಥ
• ಜ್ಯೋತಿರ್ಲಿಂಗ
• ಊಖೀಮಠ
• ಕೈಲಾಸ ಪರ್ವತ