ಹಳೆಯ ಹಳಿ, ಹೊಸ ಎಂಜಿನ್

1862ರಲ್ಲಿ ಬರೋಡಾ ಸಂಸ್ಥಾನದ ದಭೋಯಿ ಮತ್ತು ಮಿಯಾಗಾಮ್ ನಡುವೆ ರೈಲು ಶುರುವಾಯಿತು. ಹಳಿಯ ಅಗಲ ಎರಡೂವರೆ ಅಡಿ. ಗಾಡಿ ಎಳೆಯುತ್ತಿದ್ದುದು ಎಂಜಿನ್ ಅಲ್ಲ, ಎತ್ತು. ಮುಂದೆ ಎಂಜಿನ್ ತರಲು ಹೊರಟಾಗ ಅಡ್ಡಿಯಾದದ್ದು ಹಳಿಯೇ. ಎತ್ತಿನ ಗಾಡಿಗೆಂದು ಹಾಕಿದ ತೆಳು ಹಳಿ ಎಂಜಿನ್ನಿನ ಭಾರ ತಾಳುವಂತಿರಲಿಲ್ಲ. ಅದನ್ನು ಕಿತ್ತು ಗಟ್ಟಿ ಹಳಿ ಹಾಕಬೇಕಾಯಿತು.

ಅಷ್ಟರಲ್ಲಿ ಸೂರತ್ ಪಕ್ಕದ ಉತ್ರಾಣ್‌ನಿಂದ ಅಂಕಲೇಶ್ವರಕ್ಕೆ ಐದೂವರೆ ಅಡಿಯ ಬ್ರಾಡ್‌ಗೇಜ್ 1860ರಲ್ಲೇ ಬಂದಿತ್ತು. ಆಮೇಲೆ ರಾಜಪುತಾನಾ ಕಡೆಯಿಂದ ಅಹಮದಾಬಾದಿಗೆ ಮೀಟರ್‌ಗೇಜ್ ಬಂದು ಸೇರಿತು. ಗೇಜ್ ಬದಲಾಗುವ ಕಡೆ ಸರಕನ್ನೆಲ್ಲ ಇಳಿಸಿ ಇನ್ನೊಂದು ವ್ಯಾಗನ್ನಿಗೆ ಹೇರಬೇಕು. ಆ ದುಡಿಮೆ ಹಮಾಲರ ಬೆನ್ನಿನ ಮೇಲೆ.

ಪ್ರೋಗ್ರಾಮಿಂಗ್ ಭಾಷೆಗಳ ಚರಿತ್ರೆಯಲ್ಲೂ ಇದೇ ಕಥೆಯಿದೆ. ಸಿ ಭಾಷೆಗೆ 1978ರಲ್ಲಿ ಕರ್ನಿಗನ್ ಮತ್ತು ರಿಚಿ ಬರೆದ ಪುಸ್ತಕವೇ ಹಲವು ವರ್ಷ ನಿಯಮಾವಳಿಯಂತಿತ್ತು. ಆಗಿನ ಕಂಪೈಲರ್, ಫಂಕ್ಷನ್ನಿಗೆ ಕೊಟ್ಟ ಮೌಲ್ಯ ಸರಿಯಾದ ಬಗೆಯದೇ ಎಂದು ನೋಡುತ್ತಿರಲಿಲ್ಲ. 1989ರ ಅಮೆರಿಕನ್ ಮಾನದಂಡ ಅದಕ್ಕೆ ದಾರಿ ಮಾಡಿತು. ಆದರೆ ಹೊಸ ಕಂಪೈಲರ್ ಎಲ್ಲ ಯಂತ್ರಗಳಿಗೂ ಒಮ್ಮೆಲೇ ಬರಲಿಲ್ಲ. ಒಂದೇ ಪ್ರೋಗ್ರಾಮ್ ಹಳತರಲ್ಲೂ ಹೊಸತರಲ್ಲೂ ಕಂಪೈಲ್ ಆಗಬೇಕಿತ್ತು.

ಕೈಹಿಡಿದದ್ದು ಷರತ್ತಿನ ಕಂಪೈಲೇಷನ್. ಹೊಸ ಕಂಪೈಲರ್ ಎಸ್‌ಟಿಡಿಸಿ ಎಂಬ ಗುರುತನ್ನು ತಾನೇ ಇಟ್ಟುಕೊಂಡಿರುತ್ತದೆ. ‘ಇಫ್‌ಡೆಫ್’ ಎಂದು ಬರೆದರೆ, ಗುರುತು ಇದ್ದಲ್ಲಿ ಈ ಸಾಲು, ಇಲ್ಲದಿದ್ದಲ್ಲಿ ಆ ಸಾಲು. ಒಂದೇ ದಾರಿಯಲ್ಲಿ ಮೂರನೆಯ ಹಳಿ ಹಾಕಿ ಎರಡು ಗೇಜಿನ ಗಾಡಿ ಓಡಿಸಿದಂತೆ. ತೊಂದರೆ ಏನೆಂದರೆ, ಒಂದೇ ಕಡತದೊಳಗೆ ಎರಡು ಪ್ರೋಗ್ರಾಮ್ ಬೆಳೆಯುತ್ತವೆ. ಎರಡನ್ನೂ ಪರೀಕ್ಷಿಸಬೇಕು. ಯಾರೂ ಕಂಪೈಲ್ ಮಾಡದ ಕವಲು ತುಕ್ಕು ಹಿಡಿಯುತ್ತದೆ, ಅದು ಗೊತ್ತಾಗುವುದೂ ಇಲ್ಲ.

ಹಳೆಯ ಬರವಣಿಗೆಗೆ ಕಾಲ ಮುಗಿಯುತ್ತಿದೆ ಎಂದು 1989ರಲ್ಲೇ ಹೇಳಿದ್ದರೂ, ಅದನ್ನು ಭಾಷೆಯಿಂದ ತೆಗೆದದ್ದು 2024ರಲ್ಲಿ ಪ್ರಕಟವಾದ ಸಿ23 ಮಾನದಂಡ. ಮೂವತ್ತೈದು ವರ್ಷದ ಗಡುವು! 2025ರ ಜಿಸಿಸಿ 15 ಇದನ್ನೇ ಮೂಲ ನಿಯಮವಾಗಿಸಿಕೊಂಡಿತು. ಹಳೆಯ ನಿಯಮ ಬೇಕೆಂದವರು ಕೇಳಿ ಪಡೆಯಬೇಕು.

ಪೈಥಾನ್ 2008ರಲ್ಲಿ ಬೇರೆ ದಾರಿ ಹಿಡಿಯಿತು. ಮೂರನೆಯ ಆವೃತ್ತಿ ಎರಡನೆಯದರ ಜತೆ ಹೊಂದಿಕೊಳ್ಳಲಿಲ್ಲ. ಕಾರಣ ನಮಗೂ ಸಂಬಂಧಿಸಿದ್ದು. ಪೈಥಾನ್ 2ರಲ್ಲಿ ಸಾಮಾನ್ಯ ಪಠ್ಯವೆಂದರೆ ಬರೀ ಬೈಟುಗಳ ಸಾಲು. ಯುಟಿಎಫ್-8ರಲ್ಲಿ ಬರೆದ ‘ಕನ್ನಡ’ದ ಉದ್ದ ಕೇಳಿದರೆ 15 ಎನ್ನುತ್ತಿತ್ತು. ಪೈಥಾನ್ 3 ಹೇಳುವುದು 5: ಕ, ನ, ವಿರಾಮ ಚಿಹ್ನೆ, ನ, ಡ. ಕನ್ನಡವನ್ನು ಬೈಟಾಗಿ ನೋಡದೆ ಬರಹವಾಗಿ ನೋಡಲು ಹಳೆಯ ಹಳಿ ಕೀಳಲೇಬೇಕಿತ್ತು. ಆದರೂ ಜನ ಬೇಗ ಬಿಡಲಿಲ್ಲ. 2015ಕ್ಕೆ ಎಂದಿದ್ದ ಗಡುವು 2020ಕ್ಕೆ ಹೋಯಿತು.

ರೈಲ್ವೆ 1992ರಲ್ಲಿ ಏಕಗೇಜ್ ಯೋಜನೆ ಕೈಗೊಂಡಾಗ ಪರಿವರ್ತನೆಗೆಂದು ಮುಚ್ಚಿದ ಮಾರ್ಗಗಳ ಊರಿನವರು ಗಾಡಿಯಿಲ್ಲದೆ ಕಾದರು. ಹಳತನ್ನು ಉಳಿಸಿಕೊಂಡರೆ ಭಾಷೆ ನಿರ್ವಹಿಸುವವರಿಗೆ ಹೊರೆ, ಕಿತ್ತರೆ ಬಳಸುವವರಿಗೆ. ಹೊಸ ಆವೃತ್ತಿ ಬಂದಾಗಲೆಲ್ಲ ಅದರ ಗುಣಗಳ ಪಟ್ಟಿ ಓದುತ್ತೇವೆ. ಸರಕು ಇಳಿಸಿ ಹೇರುವವರು ಯಾರು ಎಂಬುದನ್ನೂ ಜತೆಗೇ ಕೇಳಬೇಕು.